94 ಮತ್ತು 58ರ ನಡುವೆ

ಮುಂಬಯಿಯ ಮುಲುಂಡ್‌ನ ಹಿರಿಯ ಓದುಗರೊಬ್ಬರ ಪತ್ರ: “ನಮ್ಮ ಸಂಘ ಈ ವರ್ಷ ವಿದ್ಯಾರ್ಥಿವೇತನವನ್ನು ಅಂಕ ನೋಡಿ ಕೊಡದೆ ಮನೆಯ ಸ್ಥಿತಿ ನೋಡಿ ಕೊಟ್ಟಿತು. ಹತ್ತನೆಯ ತರಗತಿಯಲ್ಲಿ ಶೇ. 94 ಪಡೆದ ನನ್ನ ಮೊಮ್ಮಗಳನ್ನು ಬಿಟ್ಟು ಶೇ. 58 ಪಡೆದ ಕ್ಯಾಂಟೀನ್ ಹುಡುಗನಿಗೆ ಹಣ ಹೋಯಿತು. ನಾನು ಹದಿಮೂರರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕಿನ ಅಧಿಕಾರಿಯಾದವನು. ನನಗೆ ಯಾರೂ ಏನನ್ನೂ ಕೊಡಲಿಲ್ಲ. ದುಡಿದವನಿಗೆ ದುಡಿಮೆಯ ಫಲ ಸಿಗುವುದೇ ನ್ಯಾಯವಲ್ಲವೇ? ಈ ಅನ್ಯಾಯವನ್ನು ನಿಮ್ಮ ಪತ್ರಿಕೆ ಹೊಗಳಿ ಬರೆದದ್ದು ಸರಿಯೇ?”

ಹಿರಿಯರೇ, ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ನೀವು ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ಮಹಾಸಭೆಯಲ್ಲಿ ಬಾಯಿ ಬಿಡದೆ, ಹೊರಗೆ ಚಪ್ಪಲಿ ಮೆಟ್ಟುವಾಗ ಗೊಣಗುವವರೇ ಹೆಚ್ಚಿರುವಾಗ ಇದು ದೊಡ್ಡ ಗುಣ.

ನಿಮ್ಮ ಪಕ್ಷಕ್ಕೆ ಸಮರ್ಥ ವಕೀಲರಿದ್ದಾರೆ. ಹಾರ್ವರ್ಡ್‌ನ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಇದೇ ವಾದ ಹೂಡಿದರು. ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್‌ನ ಆಟ ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟ್ ಅವನಿಗೆಂದೇ ಕೊಟ್ಟರೆ ಅವನ ಕೈಗೆ ಎರಡೂವರೆ ಲಕ್ಷ ಡಾಲರ್ ಬರುತ್ತದೆ. ಎಲ್ಲರೂ ಇಷ್ಟಪಟ್ಟು ಕೊಟ್ಟ ಹಣದಲ್ಲಿ ಅನ್ಯಾಯವೆಲ್ಲಿದೆ ಎಂದು ಅವರು ಕೇಳಿದರು. ಸಂಪಾದನೆಯ ಮೇಲಿನ ತೆರಿಗೆ ಬಿಟ್ಟಿ ಚಾಕರಿಗೆ ಸಮ ಎಂದೂ ಹೇಳಿದರು. ಬೆವರು ಸುರಿಸಿ ಗಳಿಸಿದ್ದಕ್ಕೆ ಕೈಹಾಕುವವರನ್ನು ಪ್ರಶ್ನಿಸಲೇಬೇಕು, ಒಪ್ಪಿದೆ. ಆದರೆ ಸಂಘದ ನಿಧಿ ನಿಮ್ಮ ಮೊಮ್ಮಗಳಿಂದ ಕಸಿದದ್ದಲ್ಲ. ಓದಲು ಅನುಕೂಲವಿಲ್ಲದ ಮಕ್ಕಳಿಗಾಗಲಿ ಎಂದು ದಾನಿಗಳು ಇಷ್ಟಪಟ್ಟು ಕೊಟ್ಟ ಹಣ ಅದು. ನೋಜಿಕ್ ಅವರ ಕಟ್ಟಳೆಯ ಪ್ರಕಾರವೇ ಅದು ಸೇರಬೇಕಾದಲ್ಲಿಗೆ ಸೇರಿದೆ.

ಈಗ ಒಂದು ಅಂಕಪಟ್ಟಿಯನ್ನು ನಿಮ್ಮ ಮುಂದಿಡುತ್ತೇನೆ. 1907ರ ಮೆಟ್ರಿಕ್ಯುಲೇಶನ್ ಪರೀಕ್ಷೆ. ಒಟ್ಟು ಅಂಕ 750, ಪಡೆದದ್ದು 282. ಶೇ. 38 ಕೂಡ ಆಗಲಿಲ್ಲ. ಹುಡುಗನ ಮನೆ ಪರೇಲ್‌ನ ಚಾಳಿನ ಒಂದೇ ಕೋಣೆ. ಅಡಿಗೆ, ಹೊಗೆ, ಸೌದೆ, ನಿದ್ದೆ ಎಲ್ಲವೂ ಅದರೊಳಗೇ. ತಂದೆ ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದು, ಮಗನನ್ನು ಓದಲು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಆ ಹುಡುಗ ಭೀಮರಾವ್ ಅಂಬೇಡ್ಕರ್. ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಟ್ಟು ಕಾಲೇಜು ಓದಿಸಿದರು, 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಕಳುಹಿಸಿದರು. ಮಹಾರಾಜರು ಶೇ. 90ರ ಗೆರೆ ಎಳೆದು ಕುಳಿತಿದ್ದರೆ ಆ ಅರ್ಜಿ ಯಾವ ಬುಟ್ಟಿ ಸೇರುತ್ತಿತ್ತು, ನೀವೇ ಯೋಚಿಸಿ.

ಅದೇ ಅಂಬೇಡ್ಕರರು 1936ರಲ್ಲಿ, ಲಾಹೋರಿನ ಸಂಘಟಕರು ರದ್ದುಗೊಳಿಸಿದ ತಮ್ಮ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ನಿಮ್ಮ ಪ್ರಶ್ನೆಗೆ ಅದರಲ್ಲಿ ನೇರ ಉತ್ತರವಿದೆ. ಮನುಷ್ಯನ ಶಕ್ತಿಗೆ ಮೂರು ಮೂಲಗಳು: ಹುಟ್ಟಿನಿಂದ ಬಂದ ದೇಹ, ಮನೆ-ಸಮಾಜದಿಂದ ಬಂದ ಪೋಷಣೆ-ಶಿಕ್ಷಣ, ಕೊನೆಗೆ ಸ್ವಂತ ಪ್ರಯತ್ನ. ಪ್ರಯತ್ನಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಕೊಡುವುದನ್ನು ಅವರು ಒಪ್ಪುತ್ತಾರೆ. ಮೊದಲೆರಡರ ಬಲದಿಂದ ಗೆದ್ದವರನ್ನೇ ಆರಿಸುತ್ತ ಹೋದರೆ ಅದು ಸಮರ್ಥರ ಆಯ್ಕೆಯಾಗುವುದಿಲ್ಲ, ಅನುಕೂಲಸ್ಥರ ಆಯ್ಕೆಯಾಗುತ್ತದೆ ಎನ್ನುತ್ತಾರೆ.

ಇನ್ನೂ ಹಿಂದೆ ಹೋಗಿ. 1882ರಲ್ಲಿ ಪುಣೆಯ ಜೋತಿರಾವ್ ಫುಲೆ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ ವಿದ್ಯಾರ್ಥಿವೇತನದ ಮಾತೇ ಬಂದಿದೆ. ಸ್ಪರ್ಧೆಯಿಂದ ವೇತನ ಹಂಚುವುದು ಮೇಲ್ನೋಟಕ್ಕೆ ಸಮವಾಗಿ ಕಂಡರೂ ಉಳಿದ ವರ್ಗಗಳಿಗೆ ವಿದ್ಯೆ ಹರಡಲು ಅದರಿಂದ ಆಗುವುದಿಲ್ಲ, ಓದು ಮುಟ್ಟದ ವರ್ಗಗಳಿಗೆಂದೇ ಒಂದಷ್ಟನ್ನು ಮೀಸಲಿಡಿ ಎಂದು ಅವರು ಕೇಳಿದ್ದರು. ಸರ್ಕಾರದ ಬೊಕ್ಕಸ ತುಂಬುವವನು ರೈತ, ಆ ಹಣದಲ್ಲಿ ಓದುವವರು ಮೇಲಿನವರ ಮಕ್ಕಳು ಎಂಬುದು ಅವರ ಸಂಕಟ. ನಮ್ಮ ವಿಚಾರಗೋಷ್ಠಿಗಳಲ್ಲಿ ನ್ಯಾಯದ ಮಾತೆಂದರೆ ಅಮೆರಿಕದಿಂದಲೇ ಶುರುವಾಗುತ್ತದೆ. ಡೆಕ್ಕನ್ ಕ್ವೀನ್ ಹತ್ತಿದರೆ ಮೂರು ಚಿಲ್ಲರೆ ಗಂಟೆಯ ದಾರಿಯಲ್ಲಿರುವ ಪುಣೆ ಯಾರ ನೆನಪಿಗೂ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ವಿಷಯದಲ್ಲಿ ನಿಜವಾಗಿದೆ.

ಹಾಗೆಂದು ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ಅವರನ್ನು ಬಿಡಲಾರೆ. ಅವರು ಬಾಲಕರಾಗಿದ್ದಾಗ ಅವರಿಗೆ ಗಂಟಲಮಾರಿ ಬಂತು. ಅದು ತಮ್ಮನಿಗೆ ಅಂಟಿತು. ಅಣ್ಣ ಉಳಿದರು, 1928ರಲ್ಲಿ ತಮ್ಮ ತೀರಿಕೊಂಡ. ಮರುವರ್ಷ ನ್ಯುಮೋನಿಯಾ ಬಂದು ಇನ್ನೊಬ್ಬ ತಮ್ಮನೂ ಹಾಗೆಯೇ ಹೋದ. ಇಂಥ ಬಾಲ್ಯ ಕಂಡವರು 1971ರ ತಮ್ಮ ದೊಡ್ಡ ಗ್ರಂಥದಲ್ಲಿ ಯಾರೂ ತಮ್ಮ ಹುಟ್ಟಿಗೂ ಪ್ರತಿಭೆಗೂ ಅರ್ಹರಾಗಿ ಹುಟ್ಟುವುದಿಲ್ಲ ಎಂದು ಬರೆದರೆ ನನಗೆ ಅದು ಒಣ ತರ್ಕವಾಗಿ ಕಾಣುವುದಿಲ್ಲ. ಪ್ರಯತ್ನ ಪಡುವ ಮನಸ್ಸು ಕೂಡ ಮನೆಯ ವಾತಾವರಣದಿಂದ ರೂಪುಗೊಳ್ಳುತ್ತದೆ ಎಂದರು ಅವರು. ನೀವು ಯಾರ ಮನೆಯಲ್ಲಿ, ಯಾವ ಜಾತಿಯಲ್ಲಿ, ಎಷ್ಟು ಬುದ್ಧಿಯೊಂದಿಗೆ ಹುಟ್ಟುತ್ತೀರೆಂದು ಗೊತ್ತಿಲ್ಲದೆ ಸಮಾಜದ ನಿಯಮ ಬರೆಯಿರಿ ಎಂಬುದು ಅವರ ಸವಾಲು. ಮುಲುಂಡ್‌ನ ಫ್ಲ್ಯಾಟೋ ಕ್ಯಾಂಟೀನಿನ ಅಟ್ಟವೋ ತಿಳಿಯದೆ ಸಂಘದ ನಿಯಮ ಬರೆಯಲು ಕೂತರೆ ನೀವು ಶೇ. 90 ಎಂದು ಬರೆಯುವಿರಾ? ಬರೆಯಲಾರಿರಿ ಎಂದೇ ನನ್ನ ನಂಬಿಕೆ.

ಅರ್ಜಿಗಳನ್ನು ಓದಿದ ಸಮಿತಿಯಲ್ಲಿ ನಾನೂ ಇದ್ದೆ. ಆ ಹುಡುಗ ‘ಮನೆಯಲ್ಲಿ ಓದಲು ಇರುವ ಸ್ಥಳ’ ಎಂಬ ಸಾಲಿನ ಮುಂದೆ ಹೀಗೆ ಬರೆದಿದ್ದ: ‘ಕ್ಯಾಂಟೀನಿನ ಮೇಜು, ರಾತ್ರಿ ಹತ್ತೂವರೆಯ ಮೇಲೆ.’ ಹಾಳೆಯ ಮೂಲೆಯಲ್ಲಿ ಎಣ್ಣೆಯ ಕಲೆಯಿತ್ತು. ಗಣಿತದಲ್ಲಿ 71, ಇಂಗ್ಲಿಷಿನಲ್ಲಿ 39. ಟ್ಯೂಷನ್ ಇಲ್ಲ. ಆ ಗಣಿತದ 71ರ ಮುಂದೆ ನಾವೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ನಿಮಗೆ ಯಾರೂ ಏನನ್ನೂ ಕೊಡಲಿಲ್ಲ ಎಂದಿರಿ. ಈ ಒಂದು ಮಾತಿಗೆ ನಿಮ್ಮ ಮೇಲೆ ನನಗೆ ಸಿಟ್ಟಿದೆ. ರಾತ್ರಿ ಶಾಲೆಯ ಬಾಡಿಗೆ ಕಟ್ಟಿದವರು ಯಾರು? ಹಗಲೆಲ್ಲ ಕಚೇರಿಯಲ್ಲಿ ದುಡಿದು, ಸಂಜೆ ಬೆಂಚಿನ ಮೇಲೆ ತೂಕಡಿಸುವ ಹೋಟೆಲ್ ಹುಡುಗರಿಗೆ ಪಾಠ ಹೇಳಿದ ಮೇಷ್ಟರು ಯಾರು? ಗಿರಾಕಿಗಳು ತುಂಬುವ ಹೊತ್ತಿಗೇ ‘ಹೋಗು, ಶಾಲೆಗೆ ತಡವಾಯಿತು’ ಎಂದು ಕಳುಹಿಸಿದ ಮಾಲೀಕರು ಯಾರು? ಪ್ರವೇಶಕ್ಕೆ ಅವರು ನಿಮ್ಮ ಅಂಕ ಕೇಳಿದ್ದರೇ? ನೀವು ಪಟ್ಟ ಕಷ್ಟ ನಿಜ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಮ್ಮ ಕಷ್ಟಕ್ಕೆ ಹೆಗಲು ಕೊಟ್ಟವರನ್ನು ಲೆಕ್ಕದಿಂದ ಹೊಡೆದುಹಾಕಬೇಡಿ.

ದುಡಿದವನಿಗೆ ಫಲ ಎಂಬ ಮಾತನ್ನು ಈ ನಗರ ಎಷ್ಟರಮಟ್ಟಿಗೆ ಪಾಲಿಸಿದೆ ಎಂಬುದನ್ನೂ ನೋಡಿ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಷ್ಕರ ಹೂಡಿದ ಬಟ್ಟೆ ಗಿರಣಿ ಕಾರ್ಮಿಕರು ಸುಮಾರು ಎರಡೂವರೆ ಲಕ್ಷ. ಹಲವರಿಗೆ ಮತ್ತೆ ಕೆಲಸವೇ ಸಿಗಲಿಲ್ಲ. ಗಿರಣಿಗಳ ನೆಲ ಮಾರುವ ಕಾಲ ಬಂದಾಗ, ನಗರದ ತೆರೆದ ಜಾಗಕ್ಕೊಂದು, ಜನರ ವಸತಿಗೊಂದು, ಮಾಲೀಕರಿಗೊಂದು ಎಂದು 1991ರ ನಿಯಮ ಸುಮಾರು ಮೂರು ಪಾಲು ಮಾಡಿತ್ತು. ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಲೆಕ್ಕ ಎಂದು 2001ರಲ್ಲಿ ತಿದ್ದಲಾಯಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾರ್ವಜನಿಕರ ಪಾಲು ಕುಗ್ಗಿ, ಪರೇಲಿನ ಹೊಗೆ ಕೊಳವೆಗಳ ಜಾಗದಲ್ಲಿ ಗಾಜಿನ ಗೋಪುರಗಳು ಎದ್ದವು. ಮೂರು ತಲೆಮಾರು ನೂಲು ತೆಗೆದವರ ದುಡಿಮೆಯ ಫಲದ ಬಗ್ಗೆ ನನ್ನ ಮೇಜಿಗೆ ಬರುವ ಪತ್ರಗಳು ಬೆರಳೆಣಿಕೆಯಷ್ಟು. ಮಕ್ಕಳ ಅಂಕದ ಬಗ್ಗೆ ಬರುವ ಪತ್ರಗಳಿಗೆ ಮಾತ್ರ ಲೆಕ್ಕವಿಲ್ಲ.

ನಮ್ಮ ಸಂಘ-ಸಂಸ್ಥೆಗಳ ವೇದಿಕೆಯೂ ಇದೇ ದಾರಿ ಹಿಡಿದಿದೆ. ಪ್ರತಿಭಾ ಪುರಸ್ಕಾರದ ದಿನ ಶಾಲು, ಹಾರ, ಸ್ಮರಣಿಕೆ. ಮುಂದಿನ ಸಾಲಿನಲ್ಲಿ ಕೋಚಿಂಗ್ ಕ್ಲಾಸಿಗೆ ಲಕ್ಷಗಟ್ಟಲೆ ಕಟ್ಟಿದ ಮನೆಗಳ ಮಕ್ಕಳು, ಹಿಂದೆ ತಟ್ಟೆಯಲ್ಲಿ ಚಹಾ ಹಿಡಿದು ನಿಂತ ಅದೇ ಪ್ರಾಯದ ಹುಡುಗ. ಚೆನ್ನಾಗಿ ಓದಿದವರನ್ನು ಮೆಚ್ಚಲೇಬೇಕು. ನಿಮ್ಮ ಮೊಮ್ಮಗಳಿಗೆ ನಾನೇ ಶಾಲು ಹೊದಿಸುತ್ತೇನೆ. ಆದರೆ ಚಪ್ಪಾಳೆ ಬೇರೆ, ಕಾಲೇಜಿನ ಶುಲ್ಕ ಬೇರೆ.

ಈಗ ನಿಮ್ಮಿಂದ ಒಂದು ಕೆಲಸವಾಗಬೇಕು. ಆಯ್ಕೆಯಾದ ಮಕ್ಕಳಲ್ಲಿ ಕೆಲವರಿಗೆ ಬ್ಯಾಂಕ್ ಖಾತೆಯೇ ಇಲ್ಲ. ಆಧಾರ್‌ನಲ್ಲಿ ಊರಿನ ವಿಳಾಸವಿದೆ, ಮುಂಬಯಿಯ ವಿಳಾಸಕ್ಕೆ ಪುರಾವೆಯಿಲ್ಲ, ಸಂಘ ಬರೆದ ಚೆಕ್ಕುಗಳು ಕಪಾಟಿನಲ್ಲೇ ಕೂತಿವೆ. ಈ ಕಾಗದಪತ್ರಗಳ ಗಂಟು ಬಿಡಿಸಲು ಬ್ಯಾಂಕಿನ ಒಳಹೊರಗು ಬಲ್ಲ ನಿಮ್ಮಂಥವರೇ ಬೇಕು. ಸಂಘದ ಕಚೇರಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ನಾನೂ ಬರುತ್ತೇನೆ.

— ಸಂಪಾದಕ