ಹೆಸರು ಆಮೇಲೆ, ಮೊದ್ಲು ಕೊಕ್ಕು ನೋಡಿ

ಪ್ರಶ್ನೆ: ಸಮುದ್ರದ ದಂಡೆಗೆ ಹತ್ಕೊಂಡಿರೋ ಒಂದು ಚಿಕ್ಕ ಕಾಡಲ್ಲಿ ಹೋದ ವಾರ ಬೆಳಿಗ್ಗೆ ಗುಬ್ಬಚ್ಚಿಗಿಂತ ಸಣ್ಣ ಹಕ್ಕಿಯೊಂದು ಕಾಣಿಸ್ತು. ಮೈಮೇಲೆ ಕಂದು, ಕೆಳಗೆ ಮಾಸಲು ಬಿಳಿ, ಬಾಲ ಕಪ್ಪು, ಬಾಲದ ಬುಡದಲ್ಲಿ ಎರಡೂ ಕಡೆ ಬಿಳಿ, ಬಾಲನ ಆಗಾಗ ಮೇಲಕ್ಕೆತ್ತಿ ಇಳಿಸ್ತಾ ಇತ್ತು. ಪುಸ್ತಕ ನೋಡಿದ್ರೆ ಟೈಗಾ ಫ್ಲೈಕ್ಯಾಚರ್ ಅನ್ನಿಸ್ತು, ಈ ಕಡೆ ಅದು ಅಪರೂಪ ಅಂತಾರೆ. ನಾಲ್ಕು ಫೋಟೊ ಇದೆ, ಅದ್ರಲ್ಲಿ ಮೂರು ಬ್ಲರ್. ಇದನ್ನ ದಾಖಲೆ ಮಾಡೋದು ಹೇಗೆ, ಯಾರಾದ್ರೂ ನಂಬ್ತಾರಾ?

ಉತ್ತರ: ಆ ಮೂರು ಬ್ಲರ್ ಫೋಟೊ ಇನ್ನೂ ಡಿಲೀಟ್ ಮಾಡಿಲ್ಲ ತಾನೆ? ಮಾಡ್ಬೇಡಿ. ಚೆಂದದ ಫೋಟೊದಲ್ಲಿ ಹಕ್ಕಿ ಎದೆ ಕೊಟ್ಟು ಕೂತಿರುತ್ತೆ, ನಮಗೆ ಬೇಕಾಗಿರೋದು ಬೆನ್ನು, ಅದು ಎಷ್ಟೋ ಸಲ ಹಾರೋಕೆ ತಿರುಗಿದಾಗ ಸಿಕ್ಕ ಕೆಟ್ಟ ಫೋಟೊದಲ್ಲೇ ಇರುತ್ತೆ.

ನೀವು ಬರೆದಿರೋ ಲಕ್ಷಣ ಎಲ್ಲಾ ಸರಿ ಇದೆ, ತೊಂದ್ರೆ ಏನಂದ್ರೆ ಅದು ಒಂದಲ್ಲ ಎರಡು ನೊಣಹಿಡುಕಗಳಿಗೆ, ಅಂದ್ರೆ ಫ್ಲೈಕ್ಯಾಚರ್‌ಗಳಿಗೆ, ಹೊಂದುತ್ತೆ. ಒಂದು ಟೈಗಾ, ಸೈಬೀರಿಯಾ ಕಡೆ ಮರಿ ಮಾಡೋದು. ಇನ್ನೊಂದು ರೆಡ್ ಬ್ರೆಸ್ಟೆಡ್, ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾ ಕಡೆಗೆ ಹರಡಿರೋದು. ಎರಡೂ 11-12 ಸೆಂಟಿಮೀಟರ್ ಉದ್ದ, ಹತ್ತು ಗ್ರಾಂ ಆಸುಪಾಸಿನ ತೂಕ, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ, ಎರಡೂ ಬಾಲ ಎತ್ತುತ್ವೆ. ಹಾಗಾಗಿ ನೀವು ಹೆಮ್ಮೆಯಿಂದ ಬರೆದ ಬಾಲದ ಬಿಳಿಯಿಂದ ಇಲ್ಲಿ ಏನೂ ತೀರ್ಮಾನ ಆಗಲ್ಲ, ಬೇಜಾರಾಗ್ಬೇಡಿ, ನಾವೆಲ್ಲಾ ಮೊದಲ ಸಲ ನೋಡೋದು ಅದನ್ನೇ.

ಫೋಟೊನ ಝೂಮ್ ಮಾಡಿ ಕೊಕ್ಕು ನೋಡಿ. ಕೆಳಗಿನ ಕೊಕ್ಕಿನ ಬುಡ ತಿಳಿ ಬಣ್ಣ ಇದ್ರೆ ರೆಡ್ ಬ್ರೆಸ್ಟೆಡ್ ಕಡೆ ವಾಲುತ್ತೆ, ಪೂರ್ತಿ ಕಪ್ಪಿದ್ರೆ ಟೈಗಾ ಕಡೆ. ಆಮೇಲೆ ಬಾಲ ಶುರುವಾಗೋದಕ್ಕಿಂತ ಸ್ವಲ್ಪ ಮೇಲೆ, ಬಾಲದ ಬುಡನ ಮುಚ್ಚಿರೋ ಆ ಪುಟ್ಟ ಗರಿಗಳು, ಟೈಗಾದಲ್ಲಿ ಅವು ಇದ್ದಿಲಿನಷ್ಟು ಕಪ್ಪು, ಬಾಲದಷ್ಟೇ ಇಲ್ಲಾ ಬಾಲಕ್ಕಿಂತ ಹೆಚ್ಚು ಕಪ್ಪು, ಇನ್ನೊಂದರಲ್ಲಿ ಅಷ್ಟು ಕಪ್ಪಿರಲ್ಲ. ಎದೆಯ ಬಣ್ಣನೂ ಸುಳಿವು ಕೊಡುತ್ತೆ, ರೆಡ್ ಬ್ರೆಸ್ಟೆಡ್ ಸ್ವಲ್ಪ ಕೆನೆ ಬಣ್ಣ, ಟೈಗಾ ಬೂದಿ ಕಡೆ, ಆದ್ರೆ ದಟ್ಟ ಎಲೆಗಳ ಕೆಳಗೆ ಬೆಳಕೇ ಹಸಿರಾಗಿ ಬೀಳುತ್ತಲ್ಲ, ಅಲ್ಲಿ ತೆಗೆದ ಫೋಟೊದಲ್ಲಿ ಎದೆಯ ಬಣ್ಣ ನಂಬೋಕಾಗಲ್ಲ.

ಕೂಗು ಕೇಳಿದ್ರಾ? ಪ್ರಶ್ನೆಯಲ್ಲಿ ಅದರ ಸುದ್ದಿನೇ ಇಲ್ಲ. ಎರಡೂ ಟ್ರ್‌ರ್‌ರ್ ಅಂತವೆ, ರೆಡ್ ಬ್ರೆಸ್ಟೆಡ್‌ದು ನಿಧಾನ, ಬಿಡಿಬಿಡಿ ಸದ್ದು ಕಿವಿಗೆ ಗೊತ್ತಾಗುತ್ತೆ, ಟೈಗಾದು ವೇಗ, ಒಣಗಿದ ಸದ್ದು, ಹೆಚ್ಚುಕಮ್ಮಿ ಹುಳದ ಸದ್ದಿನ ಹಾಗೆ. ಮುಂದಿನ ಸಲ ಹಕ್ಕಿ ಕಾಣದಿದ್ರೂ ಪರವಾಗಿಲ್ಲ, ಮೊಬೈಲ್‌ನಲ್ಲಿ ಒಂದು ನಿಮಿಷ ರೆಕಾರ್ಡಿಂಗ್ ಹಾಕಿ ಸುಮ್ಮನೆ ನಿಂತ್ಕೊಳ್ಳಿ, ನೀವು ಮಾತಾಡ್ಬೇಡಿ, ಜೊತೆಗಿರೋರಿಗೂ ಹೇಳಿ.

ಇನ್ನು ಬರವಣಿಗೆ. ಈಗಲೇ, ಮತ್ತೆ ಪುಸ್ತಕ ತೆಗೆಯೋಕೆ ಮುಂಚೆ, ನೆನಪಲ್ಲಿರೋದನ್ನ ಬರೆದಿಡಿ: ತಾರೀಕು, ಗಂಟೆ, ಎಷ್ಟು ದೂರದಿಂದ ನೋಡಿದ್ರಿ, ಎಷ್ಟು ಹೊತ್ತು, ಬೆಳಕು ಯಾವ ಕಡೆಯಿಂದ ಬೀಳ್ತಿತ್ತು, ಬೈನಾಕ್ಯುಲರ್ ಇತ್ತಾ, ಹಕ್ಕಿ ನೆಲಕ್ಕಿಳಿದು ಹುಳ ಹಿಡೀತಾ ಗಾಳಿಯಲ್ಲೇ ಹಿಡೀತಾ. ನೋಡದೇ ಇದ್ದಿದ್ದನ್ನೂ ಬರೀರಿ, 'ಕೊಕ್ಕು ನೋಡೋಕಾಗ್ಲಿಲ್ಲ' ಅಂತ ಬರೆದೋರನ್ನ ನಾನು ಹೆಚ್ಚು ನಂಬ್ತೀನಿ. ಪುಸ್ತಕ ನೋಡಿದ ಮೇಲೆ ಬರೆದ್ರೆ ಚಿತ್ರದಲ್ಲಿದ್ದಿದ್ದೆಲ್ಲಾ ಹಕ್ಕಿ ಮೇಲೂ ಇತ್ತು ಅನ್ನಿಸೋಕೆ ಶುರುವಾಗುತ್ತೆ, ನನಗೂ ಒಂದ್ಸಲ ಹಾಗಾಗಿ ಇಲ್ಲದ ರೆಕ್ಕೆಪಟ್ಟೆ ಬರೆದಿದ್ದೆ, ಫೋಟೊ ಬಂದ್ಮೇಲೆ ಮುಖ ಕೆಂಪಾಯ್ತು.

ಇಷ್ಟೊಂದು ಯಾಕೆ ಅಂತೀರಾ, ಹಳೇ ಪುಸ್ತಕಗಳಲ್ಲಿ ಇವೆರಡೂ ಒಂದೇ ಜಾತಿ, ಟೈಗಾ ಅದರ ಉಪಜಾತಿ ಅಷ್ಟೇ. ಆಮೇಲೆ ಬೇರೆ ಮಾಡಿದ್ರು. ಬರೀ ಹೆಸರು ಬರೆದಿಟ್ಟ ಹಳೇ ನೋಟ್‌ಬುಕ್ಕಿಂದ ಅದು ಯಾವುದು ಅಂತ ಈಗ ಹೇಳೋಕೇ ಆಗಲ್ಲ, 'ಕೊಕ್ಕು ಪೂರ್ತಿ ಕಪ್ಪು' ಅಂತ ಒಂದು ಸಾಲು ಬರೆದಿದ್ದೋರ ದಾಖಲೆ ಇವತ್ತಿಗೂ ಉಪಯೋಗಕ್ಕೆ ಬರುತ್ತೆ.

ಗಾಳಿ ಮಳೆನೂ ಸೇರ್ಸಿ. ಈ ಹಕ್ಕಿಗಳು ರಾತ್ರಿ ವಲಸೆ ಹೋಗ್ತವೆ, ಗಾಳಿ ದಾರಿ ತಪ್ಪಿಸಿದ್ರೆ ಬೆಳಗಾಗೋ ಹೊತ್ತಿಗೆ ನೀರಿನ ಪಕ್ಕ ಸಿಗೋ ಮೊದಲ ಮರಗಳಲ್ಲೇ ಇಳಿಯೋದು, ದಂಡೆಯ ಪುಟ್ಟ ಕಾಡುಗಳಲ್ಲಿ ಇಂಥ ಅಚ್ಚರಿ ಸಿಗೋದು ಅದಕ್ಕೇ.

ಪ್ರಶ್ನೆ: ನೋಡಿದ ಹಕ್ಕಿಗಳನ್ನ ದಾಖಲೆ ಮಾಡೋ ವೆಬ್‌ಸೈಟ್ ಇ-ಬರ್ಡ್‌ಗೆ ಅಪರೂಪದ ನೊಣಹಿಡುಕ ಹಾಕಿದ್ದೆ, ರಿವ್ಯೂವರ್ ವಿವರ ಕೇಳಿ ಮೇಲ್ ಕಳಿಸಿದ್ದಾರೆ. ಹಕ್ಕಿ ಗುರುತಿಸೋ ಆ್ಯಪ್ ಅದೇ ಹೆಸರು ತೋರಿಸಿತ್ತು ಅಂದ್ರೂ ಸಾಲ್ದಂತೆ. ನಾನು ಸುಳ್ಳು ಹೇಳ್ತಿದೀನಿ ಅಂತಾನಾ?

ಉತ್ತರ: ಛೇ, ಅಲ್ಲ. 2002ರಲ್ಲಿ ಶುರುವಾದಾಗಿನಿಂದ ಅಲ್ಲಿಗೆ ಬಂದಿರೋ ದಾಖಲೆಗಳ ರಾಶಿ ಎಷ್ಟಿದೆ ಯೋಚ್ನೆ ಮಾಡಿ, ಆ ಜಾಗಕ್ಕೆ ಆ ಕಾಲಕ್ಕೆ ಅಪರೂಪದ್ದು ಬಂದ್ರೆ ಸಿಸ್ಟಮ್ಮೇ ತಡೆದು ನಿಲ್ಸುತ್ತೆ, ಒಬ್ರು ಮನುಷ್ಯರು ಕೂತು ನೋಡ್ತಾರೆ. ಆ್ಯಪ್ ಹೇಳೋದು ಊಹೆ, ಸಾಕ್ಷಿ ಅಲ್ಲ. ಎಡಿಟ್ ಮಾಡದ ಫೋಟೊ ಹಾಕಿ, ಇನ್ನೊಂದು ಹತ್ತಿರದ ಜಾತಿ ಯಾಕಲ್ಲ ಅಂತ ಎರಡು ಸಾಲು ಬರೀರಿ. ಅಷ್ಟಾದ್ರೂ ಒಪ್ಪದಿದ್ರೆ ಸಾಕ್ಷಿ ಸಾಲ್ಲಿಲ್ಲ ಅಂತ ಅರ್ಥ, ನಿಮ್ಮ ಲಿಸ್ಟಿಂದ ಅದನ್ನ ಯಾರೂ ಕಿತ್ಕೊಂಡು ಹೋಗಲ್ಲ.

ಪ್ರಶ್ನೆ: ಒಳ್ಳೆ ಫೋಟೊಗೋಸ್ಕರ ಕೂಗಿನ ರೆಕಾರ್ಡಿಂಗ್ ಹಾಕಿ ಕರೀಬಹುದಾ?

ಉತ್ತರ: ಬೇಡ. ರಾತ್ರಿಯೆಲ್ಲಾ ಹಾರಿ ಸುಸ್ತಾಗಿರೋ ಹಕ್ಕಿ ಅದು, ಹುಳ ಹಿಡಿದು ತಿನ್ನೋದು ಬಿಟ್ಟು ಇಲ್ಲದ ಎದುರಾಳಿಯನ್ನ ಹುಡುಕ್ತಾ ಅಲೆಯೋ ಹಾಗೆ ಮಾಡೋದು ಯಾಕೆ? ಅದು ಬಂದು ಕೂರೋ ಒಂದೆರಡು ಕೊಂಬೆ ಇದ್ದೇ ಇರುತ್ತೆ, ಒಂದು ಸಲ ಹಾರಿ ಹುಳ ಹಿಡಿದ ಮೇಲೆ ಬಹಳಷ್ಟು ಸಲ ಅಲ್ಲೇ ಸುತ್ತಮುತ್ತ ವಾಪಸ್ ಬರುತ್ತೆ. ಆ ಕೊಂಬೆಗೆ ಕ್ಯಾಮೆರಾ ಫೋಕಸ್ ಮಾಡಿ ಸ್ವಲ್ಪ ದೂರ ಕೂತ್ಕೊಳ್ಳಿ.