ಆ .229ರಲ್ಲಿ ಸ್ಕೌಟ್ ಓದಿದ್ದೇನು?

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಓದುಗರೊಬ್ಬರು ಬರೆಯುತ್ತಾರೆ: "ಮಗ ಕಾಲೇಜಿನಲ್ಲಿ ಎರಡನೇ ವರ್ಷ ಮುಗಿಸಿದ್ದಾನೆ. ಬೇಸ್‌ಬಾಲ್ ಆಡುತ್ತಾನೆ. ಎಡಗೈ ಬ್ಯಾಟರ್, ಸೆಂಟರ್ ಫೀಲ್ಡರ್ (ಹೊರಮೈದಾನದ ನಡುವೆ ನಿಲ್ಲುವವ). ಕಾಲೇಜು ಸೀಸನ್ನಿನಲ್ಲಿ ಸರಾಸರಿ .327 ಇತ್ತು. ಆಮೇಲೆ ಮರದ ಬ್ಯಾಟಿನ ಬೇಸಿಗೆ ಲೀಗಿಗೆ ಹೋದ. ಅಲ್ಲಿ 140 ಸರದಿಯಲ್ಲಿ 32 ಹಿಟ್ (ಔಟಾಗದೆ ಬೇಸ್ ತಲುಪಿಸಿದ ಹೊಡೆತ), ಅಂದರೆ .229. ಸ್ಕೌಟ್‌ಗಳು (ಪ್ರೊಫೆಷನಲ್ ತಂಡಗಳಿಗಾಗಿ ಆಟಗಾರರನ್ನು ಹುಡುಕುವವರು) ಬಂದು ಕೂತು ಬರೆದುಕೊಂಡು ಹೋದರು. ಒಬ್ಬರು 'ಫಸ್ಟ್ ಬೇಸ್‌ವರೆಗೆ 4.1' ಎಂದದ್ದು ಬಿಟ್ಟರೆ ಯಾರೂ ಏನೂ ಹೇಳಲಿಲ್ಲ. ಆಗಸ್ಟ್ ಕಳೆದರೂ ಫೋನಿಲ್ಲ. ಇಷ್ಟಕ್ಕೇ ಮುಗಿಯಿತೇ? ವಿಡಿಯೊ ಕಳಿಸಬೇಕೇ? ದೊಡ್ಡ ಕಾಲೇಜಿಗೆ ಬದಲಾಯಿಸಬೇಕೇ?"

ನಮಸ್ಕಾರ. ಮುಗಿದಿಲ್ಲ. ಫೋನ್ ಬಾರದಿರುವುದಕ್ಕೆ ಕಾರಣ ಕ್ಯಾಲೆಂಡರ್. 2021ರಿಂದ ಮೇಜರ್ ಲೀಗ್ ಡ್ರಾಫ್ಟ್, ಅಂದರೆ ಅತ್ಯುನ್ನತ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು, ಜುಲೈನಲ್ಲಿ ನಡೆಯುತ್ತಿದೆ, 20 ಸುತ್ತುಗಳಲ್ಲಿ. ನಾಲ್ಕು ವರ್ಷದ ಕಾಲೇಜಿನ ಆಟಗಾರ ಅದಕ್ಕೆ ಅರ್ಹನಾಗಲು ಮೂರನೇ ವರ್ಷ ಮುಗಿಸಿರಬೇಕು, ಇಲ್ಲವೇ ಅವನಿಗೆ 21 ತುಂಬಿರಬೇಕು. ನಿಮ್ಮ ಮಗನಂಥ ಎರಡನೇ ವರ್ಷದವರನ್ನು ಸ್ಕೌಟ್ ಬೇಸಿಗೆಯಲ್ಲಿ ನೋಡುವುದು ಮುಂದಿನ ಜುಲೈಗಾಗಿ. ಸೀಸನ್ ಮುಗಿದ ಮೇಲೆ ಅವರು ಕಚೇರಿಗೆ ಕಳಿಸುವ ವರದಿಯಲ್ಲಿ ಈ ಹುಡುಗನ ಬಗ್ಗೆ ಏನು ಗೊತ್ತಾಯಿತು, ಮುಂದಿನ ವಸಂತದಲ್ಲಿ ಏನನ್ನು ಇನ್ನೊಮ್ಮೆ ನೋಡಬೇಕು ಎಂಬುದಿರುತ್ತದೆ. ನೀವು ಚಿಂತಿಸುತ್ತಿರುವ .229ಕ್ಕೆ ಅದರಲ್ಲಿ ಬಹಳ ಸಣ್ಣ ಜಾಗ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ನಿಜವಾಗಿ .270 ಹೊಡೆಯಬಲ್ಲ ಬ್ಯಾಟರ್ 140 ಸರದಿಯಲ್ಲಿ ಸುಮಾರು 38 ಹಿಟ್ ಹೊಡೆಯಬೇಕು. ಆದರೆ ಬರೀ ಅದೃಷ್ಟದ ಏರಿಳಿತವೇ ಆಚೆಗೆ ಐದು, ಈಚೆಗೆ ಐದು ಹಿಟ್‌ಗಳಷ್ಟಿರುತ್ತದೆ. ಅಂಥ ಬ್ಯಾಟರ್‌ಗೂ ಆರು ಬೇಸಿಗೆಯಲ್ಲಿ ಒಂದು ಬೇಸಿಗೆ 32 ಅಥವಾ ಅದಕ್ಕಿಂತ ಕಡಿಮೆ ಹಿಟ್ಟಿನಲ್ಲಿ ಮುಗಿಯಬಹುದು. ಎಂಟು ವಾರದ ಸರಾಸರಿಯನ್ನು ನಂಬಿ ಅನುಭವಿ ಸ್ಕೌಟ್ ಯಾರನ್ನೂ ಹೊಗಳುವುದಿಲ್ಲ, ಕೈಬಿಡುವುದೂ ಇಲ್ಲ. ಅದಕ್ಕಿಂತ ಬೇಗ ನಂಬಿಕೆಗೆ ಅರ್ಹವಾಗುವ ಅಂಕಿಗಳಿವೆ. ನೂರು ಸರದಿಯಲ್ಲಿ ಎಷ್ಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ಎಷ್ಟು ವಾಕ್ (ನಾಲ್ಕು ಹೊರಚೆಂಡಿಗೆ ಸಿಗುವ ಉಚಿತ ಬೇಸ್), ಸ್ಟ್ರೈಕ್ ಜೋನ್ (ಬ್ಯಾಟರ್ ಹೊಡೆಯಬೇಕಾದ ಚೌಕಟ್ಟು) ಒಳಗಿನ ಚೆಂಡಿಗೆ ಬೀಸಿದಾಗ ಎಷ್ಟು ಸಲ ತಗುಲಿತು, ಹೊರಗಿನ ಚೆಂಡನ್ನು ಎಷ್ಟು ಸಲ ಅಟ್ಟಿಸಿಕೊಂಡು ಹೋದ, ಇವು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಬೇಸಿಗೆ ತಂಡದ ಕೋಚ್ ಬಳಿ ಮೊದಲು ಕೇಳಿ ಪಡೆಯಬೇಕಾದ್ದು ಇವನ್ನೇ.

ಇನ್ನು ಬ್ಯಾಟಿನ ವಿಷಯ. ಕಾಲೇಜಿನ ಲೋಹದ ಬ್ಯಾಟಿಗೆ 2011ರಿಂದ ಬಿಬಿಕೋರ್ ಮಾನದಂಡವಿದೆ. ಚೆಂಡು ಪುಟಿಯುವ ಮಿತಿ 0.50. ಅಷ್ಟು ಕಟ್ಟುಪಾಡಿದ್ದರೂ ಟೊಳ್ಳು ಲೋಹದಲ್ಲಿ ಸರಿಯಾಗಿ ತಗುಲುವ ಜಾಗ ಮರಕ್ಕಿಂತ ಅಗಲ. ಒಳಬದಿಗೆ ಬಂದ ವೇಗದ ಚೆಂಡು ಹಿಡಿಯ ಹತ್ತಿರ ತಗುಲಿದರೂ ಲೋಹದಲ್ಲಿ ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಒಳಮೈದಾನ) ದಾಟಿ ಬಿದ್ದು ಸಿಂಗಲ್ ಆಗುತ್ತದೆ. ಮರದಲ್ಲಾದರೆ ಅದೇ ಹೊಡೆತಕ್ಕೆ ಬ್ಯಾಟು ಮುರಿದು ಚೆಂಡು ಸೆಕೆಂಡ್ ಬೇಸ್‌ಮನ್ ಕೈಗೆ ಉರುಳುತ್ತದೆ. ನಮ್ಮ ಕಡೆ ಟೆನಿಸ್ ಬಾಲಿನಲ್ಲಿ ಸಿಕ್ಸರ್ ಎತ್ತುತ್ತಿದ್ದ ಹುಡುಗ ಮೊದಲ ಸಲ ಲೆದರ್ ಬಾಲಿಗೆ ಬಂದಂತೆ ಎಂದುಕೊಳ್ಳಿ. ಕಾಲೇಜು ಆಟಗಾರರ ಬೇಸಿಗೆ ಲೀಗಾದ ಕೇಪ್ ಕಾಡ್ ಲೀಗ್ 1985ರಲ್ಲಿ ಮರದ ಬ್ಯಾಟಿಗೆ ಮರಳಿದ ಮೇಲೆ ಸ್ಕೌಟ್‌ಗಳಿಗೆ ಅದರ ಮೌಲ್ಯ ಏರಿದ್ದು ಇದಕ್ಕೇ. ಮ್ಯಾಸಚೂಸೆಟ್ಸ್‌ನ ಆ ಹತ್ತು ಊರಿನ ತಂಡಗಳಲ್ಲಿ ಹುಡುಗನೊಬ್ಬ ಪ್ರೊಫೆಷನಲ್ ಬ್ಯಾಟು ಹಿಡಿದು, ತನ್ನ ಕಾಲೇಜಿನ ಎದುರಾಳಿಗಳಿಗಿಂತ ಬಲವಾದ ಪಿಚಿಂಗ್ ಎದುರು ಹೇಗೆ ಕಾಣುತ್ತಾನೆಂದು ನೋಡಬಹುದು.

ಹಾಗಾದರೆ ಅವರ ನೋಟ್‌ಬುಕ್ಕಿನಲ್ಲಿ ಏನಿರುತ್ತದೆ? ಹೊಡೆತ, ಬಲ, ಓಟ, ಎಸೆತ, ಫೀಲ್ಡಿಂಗ್ ಎಂಬ ಐದು ಕಸುಬುಗಳಿಗೆ 20ರಿಂದ 80ರ ಅಳತೆಗೋಲು. 50 ಎಂದರೆ ಮೇಜರ್ ಲೀಗಿನ ಸಾಮಾನ್ಯ ಆಟಗಾರ. ಪ್ರತಿಯೊಂದಕ್ಕೂ ಎರಡು ಅಂಕೆ, ಇಂದಿನದು ಮತ್ತು ಮುಂದೆ ಆಗಬಹುದಾದ್ದು. 20 ವರ್ಷದವನ ಹೊಡೆತಕ್ಕೆ "ಈಗ 30, ಮುಂದೆ 50" ಎಂದು ಬರೆದರೆ ಅದು ಬೈಗುಳವಲ್ಲ. ಬಹಳ ಒಳ್ಳೆಯ ಕಾಲೇಜು ಬ್ಯಾಟರ್‌ಗಳಿಗೂ ಬರುವ ಅಂಕ ಅಂಥದೇ.

ಓಟದಲ್ಲಿ ನಿಮ್ಮ ಮಗನಿಗೆ ಸಿಕ್ಕಿದ್ದು ಚಿನ್ನದಂಥ ಅಂಕಿ. ಬ್ಯಾಟಿಗೆ ಚೆಂಡು ತಗುಲಿದ ಕ್ಷಣ ಸ್ಟಾಪ್‌ವಾಚ್ ಒತ್ತಿ, ಫಸ್ಟ್ ಬೇಸ್ ಮೇಲೆ ಕಾಲು ಬಿದ್ದಾಗ ನಿಲ್ಲಿಸುತ್ತಾರೆ. 90 ಅಡಿ ದೂರ. ಬಲಗೈಯವರಿಗೆ 4.3 ಸೆಕೆಂಡಿಗೆ 50 ಅಂಕ. ಎಡಗೈಯವರು ಫಸ್ಟ್ ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಲ್ಲುವುದರಿಂದ ಅವರಿಗೆ 4.2. ಎಡಗೈಯವನು 4.1ರಲ್ಲಿ ಓಡಿದರೆ ಸುಮಾರು 60 ಅಂಕ. ಆದರೆ ಅದು ಯಾವ ಹೊಡೆತಕ್ಕೆ ಓಡಿದ್ದು ಎಂದು ಮಗನನ್ನು ಕೇಳಿ. ಬಂಟ್ ಮಾಡುತ್ತಲೇ (ಬೀಸದೆ ಚೆಂಡಿಗೆ ಬ್ಯಾಟು ತಾಗಿಸುತ್ತಲೇ) ಓಟಕ್ಕಿಳಿದಾಗ ಸಿಗುವ ಸಮಯವನ್ನು ಸ್ಕೌಟ್ ಪಕ್ಕಕ್ಕಿಡುತ್ತಾರೆ, ಅದು ಯಾವಾಗಲೂ ಸುಳ್ಳು ವೇಗ. ಪೂರ್ತಿ ಬೀಸಿ ನೆಲಕ್ಕೆ ಹೊಡೆದು ಓಡಿದ್ದರೆ ಮಾತ್ರ ಲೆಕ್ಕಕ್ಕೆ. ಔಟ್ ಖಚಿತವೆಂದು ಅರ್ಧದಲ್ಲಿ ನಿಧಾನಿಸಿದರೆ ಸಮಯ ಸಿಗುವುದೇ ಇಲ್ಲ. ಸ್ಕೌಟ್ ಅಂದು ಒಂದೇ ದಿನಕ್ಕೆ ಬಂದಿದ್ದರೆ ಓಟದ ಅಂಕಣ ಖಾಲಿ ಉಳಿಯುತ್ತದೆ.

ಸೆಂಟರ್ ಫೀಲ್ಡರ್‌ನನ್ನು ನೋಡುವಾಗ ಬಲ್ಲ ಸ್ಕೌಟ್ ಚೆಂಡನ್ನು ನೋಡುವುದಿಲ್ಲ. ಎಸೆದ ಚೆಂಡು ಬ್ಯಾಟರ್ ಬಳಿ ತಲುಪುವಾಗ ಅವರ ಕಣ್ಣು ಫೀಲ್ಡರ್ ಕಾಲಿನ ಮೇಲೆ. ಮೊದಲ ಮೂರು ಹೆಜ್ಜೆ ಯಾವ ದಿಕ್ಕಿಗೆ, ಎಷ್ಟು ಬೇಗ ಎಂಬುದೇ ಮುಖ್ಯ. ಡೈವ್ ಹೊಡೆದು ಹಿಡಿದ ಕ್ಯಾಚಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಹೆಜ್ಜೆ ತಪ್ಪಿದ್ದಕ್ಕೇ ಡೈವ್ ಬೇಕಾಯಿತೆಂದು ನೋಟ್‌ಬುಕ್ಕಿನಲ್ಲಿ ಬೀಳಬಹುದು. ತೋಳಿನ ಬಲಕ್ಕೆ ಆಟದಲ್ಲಿ ಅವಕಾಶ ಅಪರೂಪ, ಹಾಗಾಗಿ ಪಂದ್ಯದ ಮುಂಚಿನ ಅಭ್ಯಾಸದ ಎಸೆತಗಳನ್ನು ನೋಡಲೆಂದೇ ಅವರು ಬೇಗ ಬಂದು ಕೂರುತ್ತಾರೆ. ಆ ಹೊತ್ತಿನಲ್ಲಿ ಸುಮ್ಮನೆ ಕೈ ಆಡಿಸುವ ಹುಡುಗರು ತಮ್ಮ ಅಂಕವನ್ನು ತಾವೇ ಕಳೆದುಕೊಳ್ಳುತ್ತಾರೆ.

ಇದರ ಜೊತೆಗೆ ಇಂದು ಚೆಂಡಿನ ಚಲನೆ ಅಳೆಯುವ ಟ್ರ್ಯಾಕ್‌ಮ್ಯಾನ್‌ನಂಥ ಉಪಕರಣಗಳ ಅಂಕಿಯೂ ಇದೆ. ಬ್ಯಾಟಿನಿಂದ ಹೊರಟ ಚೆಂಡಿನ ವೇಗ ಗಂಟೆಗೆ 95 ಮೈಲಿ ದಾಟಿದರೆ ಅದನ್ನು ಗಟ್ಟಿ ಹೊಡೆತ ಎನ್ನುತ್ತಾರೆ. 102 ಮೈಲಿಯಲ್ಲಿ ಹೊಡೆದದ್ದು ನೇರ ಫೀಲ್ಡರ್ ಕೈಗೆ ಹೋದರೆ ಸ್ಕೋರ್‌ಕಾರ್ಡಿನಲ್ಲಿ ಔಟ್, ವರದಿಯಲ್ಲಿ ಒಳ್ಳೆಯ ಗುರುತು. .229ರೊಳಗೆ ಇಂಥವು ಎಷ್ಟಿದ್ದವೋ ನೋಡಬೇಕು.

ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಮಕ್ಕಳಿರುವ ಓದುಗರಿಗೆ ನಡುವೆ ಒಂದು ಮಾತು. ಸ್ಟ್ಯಾಂಡಿನ ಪಕ್ಕದಲ್ಲಿ ಕೂತು ರೇಡಾರ್ ಗನ್ ಹಿಡಿಯುವ ಪೋಷಕರು ನಿರಾಶರಾಗುತ್ತಾರೆ. ಚೆಂಡಿನ ದಾರಿಗೆ 10 ಡಿಗ್ರಿ ಓರೆಯಾದರೆ 94 ಮೈಲಿ 92.6 ಎಂದು ಕಾಣುತ್ತದೆ, 20 ಡಿಗ್ರಿ ಓರೆಯಾದರೆ 88. ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವ) ಹಿಂದೆ ನೇರ ರೇಖೆಯಲ್ಲೇ ಕೂರಬೇಕು. ಇನ್ನು, ವಸಂತದಲ್ಲಿ ಕಾಲೇಜಿಗಾಗಿ ತುಂಬ ಇನ್ನಿಂಗ್ಸ್ ಎಸೆದವನು ಜುಲೈನಲ್ಲಿ ಎರಡು ಮೈಲಿ ಕಳೆದುಕೊಂಡಿದ್ದರೆ ಸ್ಕೌಟ್ ಅದನ್ನು ದಣಿವೆಂದೇ ಓದುತ್ತಾರೆ. ಆ ದಣಿವಿನಲ್ಲೇ ಎಸೆಯುತ್ತ ಹೋದರೆ ಮೊಣಕೈ ಕೆಡುವ ಭಯವಿದೆ. ಬೇಸಿಗೆಯೇ ಹೆಸರು ತಂದ ಪಿಚರ್‌ಗಳೂ ಇದ್ದಾರೆ. ಫ್ಲಾರಿಡಾ ಗಲ್ಫ್ ಕೋಸ್ಟ್ ಎಂಬ ಅಷ್ಟೇನೂ ಹೆಸರಿಲ್ಲದ ವಿಶ್ವವಿದ್ಯಾಲಯದ ಕ್ರಿಸ್ ಸೇಲ್ 2009ರಲ್ಲಿ ಕೇಪ್ ಕಾಡ್‌ನ ಯಾರ್ಮತ್-ಡೆನಿಸ್ ತಂಡದಲ್ಲಿ ಎಸೆದು, 2010ರ ಡ್ರಾಫ್ಟಿನಲ್ಲಿ 13ನೆಯವರಾಗಿ ಆಯ್ಕೆಯಾದರು.

ಈಗ ಮುಂದಿನ ತಿಂಗಳುಗಳು. ತಂಡಗಳು ಏರಿಯಾ ಸ್ಕೌಟ್‌ಗಳನ್ನು ಕಾಲೇಜಿರುವ ಪ್ರದೇಶದ ಮೇಲೆ ಹಂಚುತ್ತವೆ. ಬೇಸಿಗೆಯಲ್ಲಿ ನೋಡಿದವರೊಬ್ಬರು, ಸಂಪರ್ಕಿಸುವವರು ಇನ್ನೊಬ್ಬರು ಆಗಿರಬಹುದು. ಮಗನ ಹೆಸರು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ಕಾಲವಿದು. ಶರತ್ಕಾಲದ ಅಭ್ಯಾಸದಲ್ಲಿ ಅನೇಕ ಕಾಲೇಜುಗಳು ಸ್ಕೌಟ್ ಡೇ ಇಡುತ್ತವೆ. ಅಲ್ಲಿ 60 ಗಜದ ಓಟ, ಬ್ಯಾಟಿಂಗ್ ಅಭ್ಯಾಸ, ಎಸೆತ, ಒಂದು ಪಂದ್ಯ. ಓಟದಲ್ಲಿ 6.7ರಿಂದ 6.8 ಸೆಕೆಂಡ್ ಸಾಮಾನ್ಯ. ಬೇಸಿಗೆಯ ನೋಟ್‌ಬುಕ್ಕಿಗೆ ಮೊದಲ ಉತ್ತರ ಸಿಗುವುದು ಅಲ್ಲಿ. ಚಳಿಗಾಲದಲ್ಲಿ ಪ್ರಶ್ನಾವಳಿ, ಕೆಲವರಿಗೆ ಮನೆಗೇ ಭೇಟಿ. ಗಾಯದ ಇತಿಹಾಸ, ಕಣ್ಣಿನ ಪರೀಕ್ಷೆ, ಸಹಿ ಹಾಕಲು ಎಷ್ಟು ಹಣ ನಿರೀಕ್ಷೆ ಎಂದೆಲ್ಲ ಕೇಳುತ್ತಾರೆ. ಗಾಯವನ್ನು ಮುಚ್ಚಿಡಬೇಡಿ. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್ 2021ರಲ್ಲಿ 10ನೆಯವರಾಗಿ ಆಯ್ಕೆಯಾದರೂ ವೈದ್ಯಕೀಯ ಪರಿಶೀಲನೆಯ ಬಳಿಕ ಒಪ್ಪಂದ ಬಿದ್ದುಹೋಯಿತು. ಮರುವರ್ಷ 3ನೆಯವರಾಗಿ ಆಯ್ಕೆಯಾದರು, ಆದರೆ ನಡುವೆ ಒಂದು ವರ್ಷ ಹೋಯಿತು. ಹಣದ ಅಂಕಿಯನ್ನಂತೂ ಈಗಲೇ ಬಾಯಿಬಿಡಬೇಡಿ. ಮೂರನೇ ವರ್ಷದವನಿಗೆ "ಸರಿಬರದಿದ್ದರೆ ಕಾಲೇಜಿಗೆ ಮರಳುತ್ತೇನೆ" ಎನ್ನುವ ಬಲವಿರುತ್ತದೆ, ಕೊನೆಯ ವರ್ಷದವನಿಗೆ ಅದಿಲ್ಲ.

ವಿಡಿಯೊ ಕಳಿಸಬಹುದು, ಹಾಡು ಹಾಕಿ ಬರೀ ಹೋಮ್‌ರನ್ ಪೋಣಿಸಿದ್ದು ಬೇಡ. ಟ್ರೈಪಾಡಿನ ಮೇಲೆ ಫೋನಿಟ್ಟು, ಸೊಂಟದ ಎತ್ತರದಲ್ಲಿ, ಸೆಕೆಂಡಿಗೆ 240 ಫ್ರೇಮಿನಲ್ಲಿ ಸೆರೆಹಿಡಿಯಿರಿ. ಎಡಗೈ ಬ್ಯಾಟರ್ ಆದ್ದರಿಂದ ಅವನ ಎದೆ ಕಾಣುವ ಥರ್ಡ್ ಬೇಸ್ ಕಡೆಯಿಂದ ಒಂದು, ಕ್ಯಾಚರ್ ಹಿಂದಿನಿಂದ ಒಂದು. ಮರದ ಬ್ಯಾಟಿನಲ್ಲಿ ಸತತ ಹತ್ತು ಬೀಸು, ತಪ್ಪಿದ್ದನ್ನೂ ಸೇರಿಸಿ, ಕತ್ತರಿಸದೆ.

ಕಾಲೇಜು ಬದಲಾವಣೆ, ನಮ್ಮ ಅಭಿಪ್ರಾಯದಲ್ಲಿ, ಈಗ ಬೇಡ. 2025-26ರಿಂದ ಆಟಗಾರರಿಗೆ ಕಾಲೇಜೇ ಹಣ ಕೊಡಲು ಬಿಡುವ ಹೊಸ ಒಪ್ಪಂದಕ್ಕೆ ಸೇರಿದ ದೊಡ್ಡ ಕಾಲೇಜುಗಳಲ್ಲಿ ತಂಡಕ್ಕೆ 34 ಜನರ ಮಿತಿ. ಅಲ್ಲಿ ಬೆಂಚಿನಲ್ಲಿ ಕೂತವನನ್ನು ನೋಡಲು ಸ್ಕೌಟ್ ಬರುವುದಿಲ್ಲ. ಈಗಿರುವಲ್ಲಿ ಪ್ರತಿದಿನ ಸೆಂಟರ್‌ನಲ್ಲಿ ನಿಂತು ವಸಂತದ 56 ಪಂದ್ಯ ಆಡುವುದು ಎಷ್ಟೋ ಮೇಲು.

ಮೂರು ವಾರ ಮಗನಿಗೆ ಪೂರ್ತಿ ವಿಶ್ರಾಂತಿ ಕೊಡಿ. ಫೆಬ್ರವರಿಯಿಂದ ಆಗಸ್ಟ್‌ವರೆಗೆ ಆಡಿ ತೂಕ ಇಳಿದಿರುತ್ತದೆ, ಅದು ಮರಳಲಿ. ಆಮೇಲೆ ಕೂತು ಈ ಬೇಸಿಗೆಯಲ್ಲಿ ಮುರಿದ ಬ್ಯಾಟುಗಳನ್ನು ಎಣಿಸಲಿ, ಪ್ರತಿಯೊಂದೂ ಎಲ್ಲಿ ಮುರಿಯಿತೆಂದು ಗುರುತಿಸಲಿ. ಹಿಡಿಯ ಹತ್ತಿರ ಮುರಿದವು ಹೆಚ್ಚಿದ್ದರೆ ಒಳಬದಿಯ ವೇಗಕ್ಕೆ ಕೈ ತಡವಾಗಿದೆ ಅಥವಾ ಮುಂಗೈ ದೇಹದಿಂದ ದೂರ ಹೋಗುತ್ತಿದೆ. ತುದಿಯ ಕಡೆ ಸೀಳಿದ್ದರೆ ನಿಧಾನದ ಚೆಂಡಿಗೆ ಮುಂಚೆಯೇ ಬೀಸಿ ಹೊರಬದಿಗೆ ಕೈಚಾಚಿದ್ದಾನೆ. ಆ ಎಣಿಕೆಯನ್ನೂ ಕೋಚ್ ಕೊಡುವ ಸ್ಟ್ರೈಕ್‌ಔಟ್, ವಾಕ್ ಅಂಕಿಗಳನ್ನೂ ಸೇರಿಸಿ ನಮಗೆ ಮತ್ತೆ ಬರೆಯಿರಿ. ಸ್ಕೌಟ್ ಡೇಗೆ ಯಾವುದನ್ನು ಮೊದಲು ತಿದ್ದಬೇಕೆಂದು ಆಗ ಖಚಿತವಾಗಿ ಹೇಳಬಹುದು.

– ಸಂಪಾದಕರು