ಓದುಗರ ಪ್ರಶ್ನೆಗೆ ಉತ್ತರ: ಸ್ಕೆಲಿಟನ್ ಕೈಗಡಿಯಾರಕ್ಕೆ ಅಷ್ಟು ಬೆಲೆ ಏಕೆ?

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಶೀನ್ ಶಾಪ್ ಇದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ), ವೈರ್‌ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕೊಯ್ಯುವ ಯಂತ್ರ) ಎರಡರಲ್ಲೂ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕದ ಕೆಲಸ ಮಾಡುತ್ತೇವೆ. ಒಳಗಿನ ಚಕ್ರಗಳೆಲ್ಲ ಕಾಣುವಂತೆ ಕೊರೆದ ಸ್ಕೆಲಿಟನ್ ಎಂಬ ಆಟೊಮ್ಯಾಟಿಕ್ (ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುವ) ಕೈಗಡಿಯಾರ ಕೆಲವು ಸಾವಿರಕ್ಕೂ ಸಿಗುತ್ತದೆ, ಹತ್ತಾರು ಲಕ್ಷಕ್ಕೂ ಇದೆ. ಲೋಹ ಕಡಿಮೆ ಮಾಡಿದ ಮಾಲಿಗೆ ಬೆಲೆ ಹೆಚ್ಚಾಗುವುದು ಹೇಗೆ?
(ಓರ್ವ ಓದುಗರು, ಬೆಳಗಾವಿ)

ಉತ್ತರ: ತಾವು ಇದೇ ಕಸುಬಿನವರಾದ್ದರಿಂದ ಉತ್ತರವನ್ನು ಮಶೀನ್ ಶಾಪ್‌ನ ಮಾತಿನಲ್ಲೇ ಹೇಳಬಹುದು. ಗಡಿಯಾರದ ತಳಫಲಕ ಮತ್ತು ಅದರ ಮೇಲೆ ಕೂರುವ ಬ್ರಿಜ್ ಎಂಬ ಲೋಹದ ಪಟ್ಟಿಗಳು ಪ್ರತಿಯೊಂದು ಚಕ್ರದ ಅಚ್ಚಿನ ತುದಿಯನ್ನು ಕೃತಕ ಮಾಣಿಕ್ಯದ ರಂಧ್ರದಲ್ಲಿ ಹಿಡಿದು ನಿಲ್ಲಿಸುತ್ತವೆ. ಇವುಗಳಿಂದ ಲೋಹವನ್ನು ಕೊರೆಯುತ್ತ ಹೋದಂತೆ ಬಿಗಿತ ತಗ್ಗುತ್ತದೆ. ಬ್ರಿಜ್ ಕೂದಲೆಳೆಯಷ್ಟು ಬಾಗಿದರೂ ಹಲ್ಲುಗಳ ನಡುವಿನ ಅಂತರ ಬದಲಾಗಿ, ಹಲವು ಮಾದರಿಗಳಲ್ಲಿ ಗಂಟೆಗೆ 28,800 ಸಲ, ಎಂದರೆ ಸೆಕೆಂಡಿಗೆ ಎಂಟು ಸಲ ಮಿಡಿಯುತ್ತ ಸಮಯದ ಗತಿ ಕಾಯುವ ಬ್ಯಾಲೆನ್ಸ್ ಚಕ್ರದ ಓಟ ಕೆಡುತ್ತದೆ. ಆದ್ದರಿಂದ ಭಾರ ಹಾಯುವ ದಾರಿಯಲ್ಲಿ ಲೋಹವನ್ನು ಉಳಿಸಿ, ಉಳಿದೆಡೆ ಮಾತ್ರ ತೆಗೆಯಬೇಕು. ಇಷ್ಟನ್ನು ಒಳ್ಳೆಯ ವಿನ್ಯಾಸಕಾರನೂ ತಮ್ಮಲ್ಲಿರುವಂಥ ಯಂತ್ರವೂ ಸೇರಿ ಮಾಡಬಲ್ಲವು.

ಯಂತ್ರ ಸೋಲುವುದು ಒಳಮೂಲೆಯಲ್ಲಿ. ಎಂಡ್‌ಮಿಲ್ (ಸುತ್ತುತ್ತ ಲೋಹ ಕೊರೆಯುವ ಸಾಧನ) ಎಷ್ಟೇ ಸಣ್ಣದಿರಲಿ, ಅದು ದುಂಡು. ಒಳಮೂಲೆಯಲ್ಲಿ ತನ್ನ ತ್ರಿಜ್ಯವನ್ನು ಬಿಟ್ಟೇ ಹೋಗುತ್ತದೆ. ವೈರ್‌ಕಟ್‌ನ ತಂತಿಯೂ ಹಾಗೆಯೇ ಎಂಬುದನ್ನು ತಾವು ದಿನವೂ ಕಾಣುತ್ತೀರಿ. ಉತ್ತಮ ದರ್ಜೆಯ ಸ್ಕೆಲಿಟನ್ ಕೆಲಸದಲ್ಲಿ ಪ್ರತಿ ಅಂಚನ್ನೂ ಸುಮಾರು 45 ಡಿಗ್ರಿ ಓರೆಯಾಗಿ ಅರೆದು, ಅಂಥ ಎರಡು ಓರೆಗಳು ಒಳಮೂಲೆಯಲ್ಲಿ ಒಂದೇ ಚೂಪು ಗೆರೆಯಾಗಿ ಕೂಡುವಂತೆ ಮಾಡುತ್ತಾರೆ. ಸ್ವಿಟ್ಜರ್ಲೆಂಡಿನ ಜೂ ಕಣಿವೆಯಂಥ ಕಡೆಗಳಲ್ಲಿ ಈ ಕೆಲಸ ಇಂದಿಗೂ ಕೈಯಲ್ಲೇ ನಡೆಯುತ್ತದೆ: ಎಳೆಯಂಥ ಗರಗಸದ ಅಲಗನ್ನು ರಂಧ್ರದೊಳಗೆ ತೂರಿಸಿ ಕೊಯ್ದು, ನುಣುಪು ಅರದಿಂದ ಓರೆ ತಂದು, ಕೊನೆಗೆ ಜೆನ್ಷಿಯನ್ ಎಂಬ ಗಿಡದ ಒಣಕಾಂಡವನ್ನು ಚೂಪು ಮಾಡಿ, ವಜ್ರದ ಪುಡಿಯ ಲೇಪ ಹಚ್ಚಿ ಉಜ್ಜುತ್ತಾರೆ. ಕೊರೆಯದ ಬ್ರಿಜ್‌ಗೆ ಹೊರ ಅಂಚು ಒಂದೇ ಇರುವಲ್ಲಿ, ಕೊರೆದ ಬ್ರಿಜ್‌ಗೆ ಪ್ರತಿ ಕಿಂಡಿಯ ಅಂಚೂ ಸೇರುತ್ತದೆ. ಹಿಂಬದಿಯೂ ಕಾಣುವುದರಿಂದ ಅಲ್ಲಿಯೂ ಅದೇ ಕೆಲಸ. ಮುಗಿಯುವ ಹೊತ್ತಿಗೆ ಅರ ಜಾರಿದರೆ ಇಡೀ ಬಿಡಿಭಾಗವೇ ಗುಜರಿಗೆ.

ಪರೀಕ್ಷೆಗೆ ಹತ್ತು ಪಟ್ಟಿನ ಭೂತಗನ್ನಡಿಯೊಂದು ಸಾಕು. ದೀಪದಡಿ ಗಡಿಯಾರವನ್ನು ನಿಧಾನವಾಗಿ ಓರೆ ಮಾಡಿದಾಗ ಕೈಯಲ್ಲಿ ತೀಡಿದ ಓರೆಯಂಚಿನ ಮೇಲೆ ಬೆಳಕು ಎಲ್ಲೂ ತುಂಡಾಗದೆ ನುಣುಪಾಗಿ ಹರಿಯುತ್ತದೆ. ಯಂತ್ರದ್ದಾದರೆ ಸಣ್ಣ ಸಾಲುಗೆರೆಗಳೂ ಮೂಲೆಯ ದುಂಡೂ ಕಾಣುತ್ತವೆ. ಬೆಲೆಯಲ್ಲಿ ಕಂಪನಿಯ ಹೆಸರಿನ ಪಾಲು ದೊಡ್ಡದೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಲಕ್ಷಗಟ್ಟಲೆ ಬೆಲೆಯ ಗಡಿಯಾರದಲ್ಲೂ ದುಂಡು ಮೂಲೆಗಳು ಸಿಗುತ್ತವೆ. ಇನ್ನು ಇಂಥ ಗಡಿಯಾರದಲ್ಲಿ ಥಟ್ಟನೆ ಸಮಯ ನೋಡುವುದು ಕಷ್ಟ, ಮುಳ್ಳು ಯಾವುದು ಚಕ್ರ ಯಾವುದು ಎಂದು ಕಣ್ಣು ಹುಡುಕಬೇಕಾಗುತ್ತದೆ.

ಪ್ರಶ್ನೆ: ನನ್ನ ಆಟೊಮ್ಯಾಟಿಕ್ ಗಡಿಯಾರವನ್ನು ಎರಡು ದಿನ ಕಟ್ಟದಿದ್ದರೆ ನಿಲ್ಲುತ್ತದೆ. ಕೈಯಿಂದ ಕೀಲಿ ಕೊಟ್ಟರೆ ಸ್ಪ್ರಿಂಗ್ ತುಂಡಾದೀತೆ? ಕೈ ಆಡಿದಂತೆ ತಿರುಗಿ ಕೀಲಿ ಕೊಡುವ ರೋಟರನ್ನೂ ಕೊರೆದಿರುವುದರಿಂದ ಅದು ಹಗುರಾಗಿ ಕೀಲಿ ಸಾಲುತ್ತಿಲ್ಲವೆ?
(ಓರ್ವ ಓದುಗರು, ವಿಜಯಪುರ)

ಉತ್ತರ: ಎರಡು ದಿನಕ್ಕೆ ನಿಲ್ಲುವುದು ಸಹಜ, ಹಲವು ಮಾದರಿಗಳು ಸುಮಾರು 40 ಗಂಟೆಯೇ ಓಡುತ್ತವೆ. ಆಟೊಮ್ಯಾಟಿಕ್‌ನಲ್ಲಿ ಮುಖ್ಯ ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಯ ಗೋಡೆಗೆ ಬಂಧಿಸಿರುವುದಿಲ್ಲ. ಪೂರ್ತಿ ಸುತ್ತಿಕೊಂಡ ಮೇಲೆ ಅದು ಗೋಡೆಗುಂಟ ಜಾರುತ್ತದೆ, ಆದ್ದರಿಂದ ತುಂಡಾಗುವ ಭಯ ಬೇಡ. ಕೀಲಿ ಕೊಡುವ ಸೌಕರ್ಯ ತಮ್ಮ ಮಾದರಿಯಲ್ಲಿದ್ದರೆ ಕೆಲವು ಸುತ್ತು ತಿರುಗಿಸಿ ಕಟ್ಟಿಕೊಳ್ಳಿ. ರೋಟರಿನ ಬಲ ಇರುವುದು ಅದರ ಹೊರ ಅಂಚಿನ ತೂಕದಲ್ಲಿ. ನಡುಭಾಗವನ್ನು ಕೊರೆದರೂ ಅಂಚಿಗೆ ಚಿನ್ನ ಅಥವಾ ಟಂಗ್‌ಸ್ಟನ್‌ನಂಥ ಭಾರದ ಲೋಹ ಕೂರಿಸಿದ್ದರೆ ಕೀಲಿಗೆ ಕೊರತೆಯಾಗದು. ದಿನವಿಡೀ ಕಟ್ಟಿದರೂ ರಾತ್ರಿಯೇ ನಿಂತರೆ ಮಾತ್ರ ಒಳಗಿನ ಎಣ್ಣೆ ಒಣಗಿರಬಹುದು, ರಿಪೇರಿಯವರಿಗೆ ತೋರಿಸಿ.